ಹೊಳೆಯ ಬೀಜದ ಮುಡಿ



ಹೆಮ್ಮಾಡಿ ಕಡೆಯವರಿಗೆ ಸೇವಂತಿಗೆಯ ವಿಷಯ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಮಕರ ಸಂಕ್ರಮಣದ ಮಾರಣಕಟ್ಟೆ ಜಾತ್ರೆ ಹತ್ತಿರ ಬಂತೆಂದರೆ ಗದ್ದೆ ಗದ್ದೆಯೇ ಹಳದಿ. ಹೂವು ಕೊಯ್ಯುತ್ತೀರಿ, ಕಟ್ಟುತ್ತೀರಿ, ಮಾರುತ್ತೀರಿ. ಆದರೆ ಹೂವು ಮುಗಿಯಿತು ಅಂತ ಗಿಡವನ್ನೆಲ್ಲ ಬುಡಸಹಿತ ಕಿತ್ತು ಎಸೆಯುವವರು ಯಾರಾದರೂ ಉಂಟೆ? ಇಲ್ಲ. ಒಳ್ಳೆಯ ಬುಡ ನೋಡಿ ಉಳಿಸಿಕೊಳ್ಳುತ್ತೀರಿ, ಅದು ಮುಂದಿನ ವರ್ಷದ ಸಸಿಗೆ. ಭತ್ತದ ಮಾತೂ ಹಾಗೆಯೆ. ಹಿಂದೆ ಮನೆಯಲ್ಲಿ ಅಕ್ಕಿಗೆ ಎಷ್ಟೇ ತಾಪತ್ರಯ ಬಂದರೂ ಬೀಜಕ್ಕೆಂದು ಕಟ್ಟಿಟ್ಟ ಮುಡಿಯನ್ನು ಬಿಚ್ಚಿ ಅನ್ನ ಮಾಡುತ್ತಿರಲಿಲ್ಲ. ಬಿಚ್ಚಿದರೆ ಒಂದು ತಿಂಗಳ ಊಟ ಆದೀತು, ಆದರೆ ಒಂದು ವರ್ಷದ ಬೆಳೆ ಹೋದೀತು ಎಂಬುದು ಅಜ್ಜಿಗೂ ಗೊತ್ತು, ಮೊಮ್ಮಗನಿಗೂ ಗೊತ್ತು.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ನಮ್ಮ ಹೊಳೆಯ ಮೀನಿಗೆ ಬೀಜದ ಮುಡಿ ಎಲ್ಲಿದೆ? ಅದನ್ನು ನಾವು ಯಾವಾಗ ಬಿಚ್ಚುತ್ತೇವೆ?

ಇದೇ ಪ್ರಶ್ನೆಯನ್ನು ಸುಮಾರು ನೂರೈವತ್ತು ವರ್ಷಗಳ ಹಿಂದೆ ಒಬ್ಬ ಡಾಕ್ಟರು ದೇಶದ ತುಂಬ ಕೇಳುತ್ತಾ ಹೋದರು. ಅವರ ಹೆಸರು ಫ್ರಾನ್ಸಿಸ್ ಡೇ. ಈ ಹೊತ್ತು ಅವರ ಕೆಲಸದ ವಿಚಾರ ತಿಳಿದುಕೊಳ್ಳೋಣ. ಯಾಕೆಂದರೆ ಅವರು ಕಂಡುಕೊಂಡ ಸಂಗತಿ ನಮ್ಮ ಮನೆಯ ಹಿಂದಿನ ತೋಡಿಗೆ ಸಂಬಂಧಪಟ್ಟದ್ದು.

ಡೇ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ೧೮೨೯ರಲ್ಲಿ. ವೈದ್ಯ ವಿದ್ಯೆ ಕಲಿತು ೧೮೫೨ರಲ್ಲಿ ಮದರಾಸು ಸೈನ್ಯದ ಡಾಕ್ಟರಾಗಿ ನಮ್ಮ ದೇಶಕ್ಕೆ ಬಂದರು. ಕೆಲಸ ಸಿಪಾಯಿಗಳ ಜ್ವರ, ಗಾಯ ನೋಡುವುದು. ಆದರೆ ಮನಸ್ಸು ಮೀನಿನ ಮೇಲೆ. ಕೊಚ್ಚಿಯಲ್ಲಿ ಇದ್ದಾಗ ಅಲ್ಲಿನ ಹಿನ್ನೀರು, ಹೊಳೆ, ಸಮುದ್ರಗಳ ಮೀನುಗಳನ್ನು ಒಂದೊಂದಾಗಿ ತರಿಸಿ ರೆಕ್ಕೆಯ ಮುಳ್ಳು ಎಣಿಸಿ, ಹುರುಪೆ ಎಣಿಸಿ, ಬಣ್ಣ ಗುರುತು ಮಾಡಿ, ಚಿತ್ರ ಸಮೇತ ೧೮೬೫ರಲ್ಲಿ ಮಲಬಾರಿನ ಮೀನುಗಳ ವಿಷಯವಾಗಿ ಒಂದು ಪುಸ್ತಕ ಅಚ್ಚು ಹಾಕಿಸಿದರು. ಕೊಚ್ಚಿಯ ಹಿನ್ನೀರು ಎಂದರೆ ನಮ್ಮ ಗಂಗೊಳ್ಳಿಯ ಅಳಿವೆಯ ಹಾಗೆಯೇ ನೋಡಿ. ಉಪ್ಪುನೀರು, ಸಿಹಿನೀರು ಬೆರೆಯುವ ಜಾಗ.

ಮೀನಿಗೆ ಹೆಸರಿಡುವುದು ಒಂದು ವಿದ್ಯೆ. ಮೀನು ಬದುಕುವ ಬಗೆ ತಿಳಿಯುವುದು ಇನ್ನೊಂದು ವಿದ್ಯೆ. ಡೇ ಮೊದಲನೆಯದರಿಂದ ಹೊರಟು ಎರಡನೆಯದಕ್ಕೆ ಬಂದರು. ೧೮೬೦ರ ದಶಕದಲ್ಲಿ ನೀಲಗಿರಿಯ ತಣ್ಣೀರಿನ ಹೊಳೆಗಳಲ್ಲಿ ಬಿಡಲಿಕ್ಕೆಂದು ಇಂಗ್ಲೆಂಡಿನಿಂದ ಟ್ರೌಟ್ ಎಂಬ ಮೀನಿನ ತತ್ತಿ ತರುವ ಪ್ರಯತ್ನ ಮಾಡಿದರು. ಅದು ಕೈಗೂಡಲಿಲ್ಲ, ದಾರಿಯಲ್ಲೇ ತತ್ತಿ ಕೆಟ್ಟಿತು. ಒಂದು ಮೀನು ಬದುಕಬೇಕಾದರೆ ನೀರು ಇದ್ದರೆ ಸಾಲದು. ನೀರಿನ ತಂಪು, ಓಟ, ಆಹಾರ, ದಾರಿ ಎಲ್ಲವೂ ಆ ಮೀನಿಗೆ ಹೊಂದಬೇಕು. ಬೀಜ ಒಳ್ಳೆಯದಿದ್ದರೂ ಗದ್ದೆ ಒಗ್ಗದಿದ್ದರೆ ಬೆಳೆ ಬಾರದು ಎಂಬ ನಿಮ್ಮ ಅನುಭವದ ಮಾತೇ ಇದು.

ಆ ಕಾಲದಲ್ಲಿ ಅನೇಕ ಜಿಲ್ಲೆಗಳಿಂದ ಹೊಳೆಯಲ್ಲಿ ಮೀನು ಕಡಿಮೆ ಆಗುತ್ತಿದೆ ಎಂಬ ದೂರು ಬರುತ್ತಿತ್ತು. ಸರಕಾರ ೧೮೭೧ರಲ್ಲಿ ಡೇ ಅವರನ್ನು ಇಡೀ ದೇಶದ ಮೀನುಗಾರಿಕೆಯ ಇನ್ಸ್‌ಪೆಕ್ಟರ್ ಜನರಲ್ ಆಗಿ ನೇಮಿಸಿತು. ಅವರು ಮೇಜಿನ ಮುಂದೆ ಕೂತು ವರದಿ ಬರೆಯಲಿಲ್ಲ. ಊರೂರು ತಿರುಗಿದರು. ತಿರುಗಲಾರದ ಕಡೆಗೆ ಪ್ರಶ್ನೆಗಳ ಪಟ್ಟಿ ಕಳಿಸಿದರು. ನಿಮ್ಮಲ್ಲಿ ಮೀನು ಹಿಡಿಯುವವರು ಎಷ್ಟು? ಪೇಟೆಗೆ ಸಾಕಷ್ಟು ಮೀನು ಬರುತ್ತದೆಯೆ? ಮೊದಲಿಗಿಂತ ಹೆಚ್ಚೋ ಕಡಿಮೆಯೋ? ಬಲೆಯ ಕಣ್ಣು ಎಷ್ಟು ಸಣ್ಣದು? ಮಳೆಗಾಲದಲ್ಲಿ ಗದ್ದೆಯ ಬಾಯಲ್ಲಿ ಬೋನು ಇಡುತ್ತಾರೆಯೆ? ಮರಿ ಮೀನು ಹಿಡಿಯುತ್ತಾರೆಯೆ? ನೀರಿಗೆ ವಿಷ ಹಾಕುತ್ತಾರೆಯೆ? ಜಿಲ್ಲೆಯ ಅಧಿಕಾರಿಗಳಿಂದ, ತಾಲ್ಲೂಕು ಕಚೇರಿಗಳಿಂದ, ಊರಿನ ಜನರಿಂದ ಬಂದ ಉತ್ತರಗಳನ್ನೆಲ್ಲ ಒಟ್ಟುಮಾಡಿ ೧೮೭೩ರಲ್ಲಿ ಸಿಹಿನೀರು ಮೀನುಗಳ ಮೇಲೆ ದೊಡ್ಡ ವರದಿ ಹೊರಡಿಸಿದರು.

ಆ ವರದಿಯ ಸಾರ ಏನು? ಮೀನು ಕಡಿಮೆ ಆಗುವುದು ಹಣೆಬರಹದಿಂದ ಅಲ್ಲ. ಅದಕ್ಕೆ ಕಾರಣಗಳು ಉಂಟು, ಆ ಕಾರಣಗಳು ಕಣ್ಣಿಗೆ ಕಾಣುತ್ತವೆ.

ಇದನ್ನು ತಿಳಿಯಬೇಕಾದರೆ ಮೊದಲು ಮೀನಿನ ಒಂದು ವರ್ಷವನ್ನು ನೋಡಬೇಕು. ನಮ್ಮಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಸಮುದ್ರ ಮುಟ್ಟುತ್ತವೆ. ಬೇಸಗೆಯಲ್ಲಿ ಮೇಲಿನ ಹೊಳೆ ಬತ್ತಿ ಅಲ್ಲೊಂದು ಇಲ್ಲೊಂದು ಗುಂಡಿ ಉಳಿಯುತ್ತದೆ. ಮೀನುಗಳೆಲ್ಲ ಆ ಗುಂಡಿಗಳಲ್ಲಿ ಸೇರಿಕೊಂಡು ದಿನ ತಳ್ಳುತ್ತವೆ. ಮೃಗಶಿರ ಮಳೆ ಹೊಡೆದು ಕೆಂಪು ನೀರು ಬಂತೆಂದರೆ ಮೀನಿಗೆ ಅದೇ ಕರೆ. ಹೊಸ ನೀರು ತಂಪು, ಅದರಲ್ಲಿ ಪ್ರಾಣವಾಯು ಹೆಚ್ಚು. ಹೊಟ್ಟೆಯಲ್ಲಿ ತತ್ತಿ ತುಂಬಿದ ತಾಯಿ ಮೀನುಗಳು ನೀರಿನ ಓಟಕ್ಕೆ ಎದುರಾಗಿ ಹತ್ತಲು ಶುರುಮಾಡುತ್ತವೆ. ಹೊಳೆಯಿಂದ ತೋಡು, ತೋಡಿನಿಂದ ಗದ್ದೆ. ನಾವು ಹತ್ತುಮೀನು ಅನ್ನುವುದು ಇದಕ್ಕೇ.

ಯಾಕೆ ಹತ್ತುತ್ತವೆ? ದೊಡ್ಡ ಹೊಳೆಯ ರಭಸದಲ್ಲಿ ತತ್ತಿ ಇಟ್ಟರೆ ಅದು ಕೊಚ್ಚಿಕೊಂಡು ಸಮುದ್ರಕ್ಕೆ ಹೋದೀತು. ನೀರು ನಿಂತ ಗದ್ದೆಯಾದರೋ ಆಳ ಕಡಿಮೆ, ನೀರು ಬೆಚ್ಚಗೆ, ದೊಡ್ಡ ಮೀನಿನ ಕಾಟ ಇಲ್ಲ. ಹುಲ್ಲು, ಗೊಬ್ಬರ ಕೊಳೆತ ನೀರಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಮರಿಗೆ ಅದೇ ಹಾಲು. ಅಂದರೆ ನೀವು ನೇಜಿಗೆ ಹೇಗೆ ಬೇರೆ ಗದ್ದೆ ಮಾಡುತ್ತೀರೋ ಹಾಗೆಯೇ ಮೀನು ತನ್ನ ಮರಿಗೆ ನಿಮ್ಮ ಗದ್ದೆಯನ್ನೇ ನೇಜಿಗದ್ದೆ ಮಾಡಿಕೊಳ್ಳುತ್ತದೆ. ಮಳೆ ಹಿಂದೆ ಬಿದ್ದಾಗ, ಗದ್ದೆಯ ನೀರು ಇಳಿಯುವ ಹೊತ್ತಿಗೆ, ತಾಯಿಯೂ ಬೆಳೆದ ಮರಿಯೂ ಮತ್ತೆ ಹೊಳೆಗೆ ಇಳಿಯುತ್ತವೆ. ಇದು ಒಂದು ಸುತ್ತು. ಈ ಸುತ್ತು ಎಲ್ಲಿ ಕಡಿದರೂ ಮುಂದಿನ ವರ್ಷ ಗಾಳ ಹಾಕಿದವನ ಕೈ ಖಾಲಿ.

ಡೇ ಅವರು ಕಂಡ ಕಾರಣಗಳು ಈ ಸುತ್ತಿನ ಒಂದೊಂದು ಗಂಟನ್ನೂ ಕಡಿಯುವಂಥವು. ಹತ್ತುವ ದಾರಿಯಲ್ಲಿ, ತೋಡು ಕಿರಿದಾಗುವ ಕಡೆ, ಬಿದಿರಿನ ಬೋನು ಇಟ್ಟು ತತ್ತಿ ತುಂಬಿದ ಮೀನನ್ನೆಲ್ಲ ಹಿಡಿಯುವುದು ಒಂದು. ಅವು ಇಳಿಯುವಾಗ ಬಟ್ಟೆಯಂಥ ಸಣ್ಣ ಕಣ್ಣಿನ ಬಲೆ ಹಾಕಿ ಬೆರಳಿನಷ್ಟು ಮರಿಯನ್ನೂ ಬಿಡದೆ ಬಾಚುವುದು ಎರಡು. ಬೇಸಗೆಯ ಗುಂಡಿಗೆ ಕಾಕಮಾರಿ ಕಾಯಿಯಂಥ ವಿಷ ಹಾಕಿ ದೊಡ್ಡದು ಸಣ್ಣದು ಅನ್ನದೆ ಕೊಲ್ಲುವುದು ಮೂರು. ನಾಲ್ಕನೆಯದು ಸರಕಾರದ್ದೇ ತಪ್ಪು. ನೀರಾವರಿಗೆಂದು ಹೊಳೆಗೆ ಅಡ್ಡವಾಗಿ ಕಟ್ಟೆ ಕಟ್ಟಿದರು, ಮೀನು ಹತ್ತಲು ದಾರಿ ಬಿಡಲಿಲ್ಲ. ಕಟ್ಟೆಯಲ್ಲಿ ಮೀನಿಗೊಂದು ಕಿಂಡಿ ಇಡಿ ಎಂದು ಡೇ ಸ್ಪಷ್ಟವಾಗಿ ಬರೆದರು. ಬಡವನ ಬೋನನ್ನು ಕಂಡವರು ಸರಕಾರದ ಕಟ್ಟೆಯನ್ನೂ ಕಂಡರು ಎಂಬುದು ಅವರ ದೊಡ್ಡತನ.

ಇನ್ನು ನಮ್ಮ ಕರಾವಳಿಯ ಮಾತಿಗೆ ಬರೋಣ. ಅದೇ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರಾಗಿದ್ದವರು ಹೆನ್ರಿ ಸಲ್ಲಿವನ್ ಥಾಮಸ್. ಆಗ ನಮ್ಮ ಕುಂದಾಪುರ ತಾಲ್ಲೂಕು ಅದೇ ಜಿಲ್ಲೆಗೆ ಸೇರಿತ್ತು. ಥಾಮಸರಿಗೆ ಗಾಳದ ಹುಚ್ಚು. ಗಾಳ ಹಾಕುತ್ತಾ ಹಾಕುತ್ತಾ ಹೊಳೆಯ ಸ್ಥಿತಿ ಅವರಿಗೆ ಅರ್ಥವಾಯಿತು. ದಕ್ಷಿಣ ಕನ್ನಡದಲ್ಲಿ ಮೀನು ಬೆಳೆಸುವ ವಿಚಾರವಾಗಿ ೧೮೭೦ರಲ್ಲಿ ವರದಿ ಬರೆದು, ಮರಿ ಮೀನಿನ ನಾಶ ನಿಲ್ಲಿಸಬೇಕು ಎಂದು ವಾದಿಸಿದರು. ಗಾಳದ ಮೇಲೆ ಅವರು ಬರೆದ ಪುಸ್ತಕ ೧೮೭೩ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ನಮ್ಮ ಜಿಲ್ಲೆಯ ಹೊಳೆಯ ಒಂದು ಮೀನಿಗೆ ೧೮೭೪ರಲ್ಲಿ ಡೇ ಈ ಥಾಮಸರ ಹೆಸರನ್ನೇ ಇಟ್ಟರು. ಈಗ ಅದನ್ನು ಹಿಪ್ಸೆಲೊಬಾರ್ಬಸ್ ಥಾಮಸ್ಸಿ ಅನ್ನುತ್ತಾರೆ, ಗೆಂಡೆಯ ಕುಲದ್ದು. ನಾಲ್ಕು ವರ್ಷ ಮೊದಲು, ೧೮೭೦ರಲ್ಲಿ, ಇದೇ ಜಿಲ್ಲೆಯ ಇನ್ನೊಂದು ಮೀನಿಗೆ ಪುಲ್ಚೆಲ್ಲಸ್ ಎಂದು ಹೆಸರು ಕೊಟ್ಟಿದ್ದರು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಚೆಲುವಾದ ಪುಟಾಣಿ. ಘಟ್ಟದ ಮೇಲೆ ತುಂಗಭದ್ರೆಯ ಕಡೆ ಇದನ್ನು ಹರಗಿ ಎನ್ನುವರು. ಇವತ್ತು ಈ ಎರಡೂ ಮೀನುಗಳ ಹೆಸರು ಜಗತ್ತಿನಲ್ಲಿ ಅಳಿದುಹೋಗುವ ಅತಿ ದೊಡ್ಡ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ಡೇ ಹೆಸರಿಟ್ಟರು, ನಾವು ಹೆಸರು ಮಾತ್ರ ಉಳಿಸಿಕೊಳ್ಳುವ ಹಾಗಾಗಿದೆ.

ಕುಂದಾಪುರದವರಿಗೆ ಗುರುತಿನ ಇನ್ನೊಂದು ಮೀನೂ ಡೇ ಅವರ ಪುಸ್ತಕದಲ್ಲಿ ಉಂಟು. ಅದೇ ಹೂಮೀನು. ಹೈದರಾಲಿ ಈ ಸೀಮೆಯನ್ನು ಗೆದ್ದಾಗ ಹೂಮೀನನ್ನು ಸಿಹಿನೀರಿನ ಕೆರೆಗಳಿಗೆ ತಂದು ಬಿಡಿಸಿದನು, ಅದು ಚೆನ್ನಾಗಿ ಬೆಳೆಯಿತು ಎಂದು ಡೇ ಬರೆದಿದ್ದಾರೆ. ಕುಂದಾಪುರದ ಹತ್ತಿರದ ಕೆರೆಯ ಹೂಮೀನು ಟಿಪ್ಪುವಿನ ಊಟಕ್ಕೆ ಮೀಸಲಾಗಿತ್ತೆಂದು ಹಳೆಯ ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಆದರೆ ಒಂದು ವಿಷಯ ಈಗ ವಿಜ್ಞಾನದಿಂದ ಚೆನ್ನಾಗಿ ತಿಳಿದಿದೆ. ಹೂಮೀನು ಸಿಹಿನೀರಿನ ಕೆರೆಯಲ್ಲಿ ಬೆಳೆಯುತ್ತದೆ, ಕೊಬ್ಬುತ್ತದೆ, ಆದರೆ ಅಲ್ಲಿ ಮರಿ ಮಾಡುವುದಿಲ್ಲ. ಅದು ತತ್ತಿ ಇಡುವುದು ಸಮುದ್ರದಲ್ಲಿ. ಮರಿಗಳು ಅಳಿವೆಯ ಮೂಲಕ ಒಳಗೆ ಬಂದು ಹಿನ್ನೀರಿನಲ್ಲಿ ದೊಡ್ಡದಾಗುತ್ತವೆ. ಸುಲ್ತಾನನ ಪಹರೆ ಕೆರೆಯ ಸುತ್ತ ಎಷ್ಟೇ ಬಿಗಿಯಾಗಿರಲಿ, ಅಳಿವೆಯ ದಾರಿ ಮುಚ್ಚಿದರೆ ಕೆರೆಗೆ ಬಿಡಲು ಮರಿಯೇ ಇಲ್ಲ. ಮೀನನ್ನು ಕಾಯುವುದೆಂದರೆ ಮೀನಿನ ದಾರಿಯನ್ನು ಕಾಯುವುದು.

ಡೇ ಅವರ ಸಲಹೆಗಳಿಗೆ ಎದುರು ಮಾತು ಬರಲಿಲ್ಲವೆ? ಬಂತು. ಬೋನು ಬೇಡ, ಸಣ್ಣ ಬಲೆ ಬೇಡ ಅಂತ ಕಾನೂನು ಮಾಡಿದರೆ ಬಡವರ ಹೊಟ್ಟೆಗೆ ಹೊಡೆದ ಹಾಗಾಗುತ್ತದೆ ಎಂದು ಅನೇಕ ಅಧಿಕಾರಿಗಳು ಹೇಳಿದರು. ಅದು ಸುಳ್ಳು ಮಾತಲ್ಲ. ನಮ್ಮಲ್ಲೇ ನೋಡಿ. ಮಳೆಗಾಲಕ್ಕೆ ಸಮುದ್ರದ ಮೀನು ಕಡಿಮೆ, ಇದ್ದರೂ ದುಬಾರಿ. ನಾಟಿಯ ಕೆಲಸಕ್ಕೆ ಸೊಂಟ ಬಗ್ಗಿಸಿ ಬಂದವರಿಗೆ ತೋಡಿನ ಮೀನಿನ ಸಾರು ಒಂದು ಬಲ. ದುಡ್ಡು ಕೊಡದೆ ಸಿಕ್ಕುವ ಊಟ. ಅದನ್ನು ಬಿಡಿ ಅನ್ನುವುದು ಸುಲಭ, ಬಿಡುವುದು ಕಷ್ಟ. ಆದ್ದರಿಂದ ಕಾನೂನು ತಡವಾಯಿತು. ಡೇ ಅಷ್ಟರಲ್ಲಿ ಕೆಲಸದಿಂದ ನಿವೃತ್ತರಾಗಿ ಊರಿಗೆ ಹೋಗಿದ್ದರು. ಭಾರತದ ಮೀನುಗಳ ಮೇಲೆ ಸುಮಾರು ಇನ್ನೂರು ಚಿತ್ರಪಟಗಳಿರುವ ಮಹಾಗ್ರಂಥವನ್ನು ೧೮೭೫ರಿಂದ ೧೮೭೮ರ ಒಳಗೆ ಹೊರತಂದರು. ೧೮೮೯ರಲ್ಲಿ ಸಾವಿರದ ನಾನೂರಕ್ಕೂ ಮಿಕ್ಕಿದ ಜಾತಿಗಳ ವಿವರವಿರುವ ಇನ್ನೆರಡು ಸಂಪುಟ ಬಂತು. ಆ ವರ್ಷವೇ ಜುಲೈ ೧೦ರಂದು ತೀರಿಕೊಂಡರು. ಕಾನೂನು ಬಂದದ್ದು ೧೮೯೭ರಲ್ಲಿ, ಅವರು ಹೋಗಿ ಎಂಟು ವರ್ಷದ ಮೇಲೆ. ನೀರಿಗೆ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ಅಂದಿನಿಂದ ಅಪರಾಧ. ಈಗ ನಮ್ಮ ರಾಜ್ಯಕ್ಕೇ ೧೯೯೬ರ ಒಳನಾಡು ಮೀನುಗಾರಿಕೆ ಕಾಯಿದೆ ಉಂಟು.

ಆದರೆ ಬರೀ ಕಾಯಿದೆಯಿಂದ ಹೊಳೆ ಉಳಿಯುವುದಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕತೆ ಕೇಳಿರಬಹುದು. ಅಲ್ಲಿ ಶಿಶಿಲೇಶ್ವರ ದೇವಸ್ಥಾನದ ಮುಂದೆ ಕಪಿಲಾ ಹೊಳೆಯಲ್ಲಿ ಮಹಶೀರ್ ಮೀನುಗಳು ದೇವರ ಮೀನುಗಳಾಗಿ ತಲೆತಲಾಂತರದಿಂದ ಬದುಕಿವೆ. ಯಾವ ಸರಕಾರವೂ ಹೇಳದೆ ಜನರೇ ಕಾದುಕೊಂಡು ಬಂದದ್ದು. ೧೯೯೬ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರಿನವರು ಸತ್ತ ಮೀನಿಗೆ ಸ್ಮಾರಕ ಕಟ್ಟಿದರು, ಉಳಿದವನ್ನು ಮತ್ತೆ ಕಾದರು. ಮೀನು ಮರಳಿ ತುಂಬಿತು. ಎಷ್ಟು ವರ್ಷದ ರಕ್ಷಣೆಯನ್ನು ಒಂದು ರಾತ್ರಿಯ ವಿಷ ಹಾಳುಮಾಡಬಲ್ಲದು ಎಂಬುದಕ್ಕೂ, ತಾಯಿ ಮೀನು ನಾಲ್ಕು ಉಳಿದರೆ ಹೊಳೆ ಮತ್ತೆ ಚಿಗುರಬಲ್ಲದು ಎಂಬುದಕ್ಕೂ ಶಿಶಿಲವೇ ಸಾಕ್ಷಿ.

ಕೆಲವರು ಹೇಳಬಹುದು, ಈಗ ಮೀನುಮರಿ ದುಡ್ಡಿಗೆ ಸಿಗುತ್ತದಲ್ಲ, ಹೊಳೆಯ ಚಿಂತೆ ಯಾಕೆ ಅಂತ. ಹೌದು, ೧೯೫೭ರ ಜುಲೈ ೧೦ರಂದು ಒಡಿಶಾದಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಗೆಂಡೆ ಮೀನಿಗೆ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸುವುದನ್ನು ಸಾಧಿಸಿದರು. ಆ ದಿನವನ್ನೇ ಈಗ ಮೀನು ಕೃಷಿಕರ ದಿನವಾಗಿ ಆಚರಿಸುವುದು. ಕೆರೆ ಇರುವವರು ರೋಹು, ಕಾಟ್ಲಾ ಮರಿ ತಂದು ಬಿಟ್ಟು ಲಾಭ ಮಾಡಿಕೊಳ್ಳಬಹುದು, ಸಂತೋಷ. ಆದರೆ ನಮ್ಮ ಹೊಳೆಯ ಎಷ್ಟೋ ಜಾತಿಗಳ ಮರಿಯನ್ನು ಯಾರೂ ಮಾರುವುದಿಲ್ಲ. ಅವುಗಳ ಮರಿಕೇಂದ್ರ ಇರುವುದು ನಿಮ್ಮ ಗದ್ದೆಯಲ್ಲಿ ಮಾತ್ರ.

ಹಾಗಾದರೆ ಮನೆಮಟ್ಟಿಗೆ ಮಾಡುವುದು ಏನು? ದೊಡ್ಡ ಖರ್ಚಿನ ಮಾತು ಯಾವುದೂ ಇಲ್ಲ.

ಮೊದಲನೆಯದು, ಹತ್ತುವಾಗ ಬಿಡಿ, ಇಳಿಯುವಾಗ ಹಿಡಿಯಿರಿ. ಮೊದಲ ಮಳೆಯ ಎರಡು ಮೂರು ವಾರ ತೋಡಿನ ಬಾಯಿಗೆ ಬೋನು ಇಡಬೇಡಿ. ಬಾಯಿ ಚಪಲ ತಡೆಯದಿದ್ದರೆ ಗಾಳದಲ್ಲಿ ಒಂದೆರಡು ಹಿಡಿಯಿರಿ, ತೋಡಿಗೆ ಪೂರ್ತಿ ಅಡ್ಡ ಕಟ್ಟಬೇಡಿ. ಮಳೆ ಇಳಿದ ಮೇಲೆ ಮೀನು ಹೊಳೆಗೆ ಮರಳುವಾಗ ಬೋನು ಇಡಿ. ಆಗ ತಾಯಿ ತತ್ತಿ ಇಟ್ಟಾಗಿರುತ್ತದೆ, ಮೀನಿನ ಸಂಖ್ಯೆಯೂ ಹೆಚ್ಚು. ಬೋನಿನ ಕಡ್ಡಿಗಳ ನಡುವೆ ಬೆರಳು ತೂರುವಷ್ಟು ಸಂದು ಇರಲಿ, ಮರಿ ದಾಟಿಹೋಗುತ್ತದೆ. ಸೊಳ್ಳೆ ಪರದೆಯ ಬಟ್ಟೆಯನ್ನು ಬಲೆ ಮಾಡಬೇಡಿ.

ಎರಡನೆಯದು, ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿನ ಹಲಗೆ. ಇದನ್ನು ನೆರೆ ಬಂದಾಗ ಗಡಿಬಿಡಿಯಲ್ಲಿ ತೆಗೆಯುವ ರೂಢಿ ಇದ್ದರೆ ಬಿಟ್ಟು, ಮೊದಲ ಕೆಂಪು ನೀರಿಗೇ ತೆಗೆಯಿರಿ. ಸೇತುವೆ ಉಳಿಯಲಿಕ್ಕೂ ಒಳ್ಳೆಯದು, ಮೀನು ಹತ್ತಲಿಕ್ಕೂ ಒಳ್ಳೆಯದು. ಡೇ ಕೇಳಿದ ಕಿಂಡಿ ನಮ್ಮಲ್ಲಿ ಕಟ್ಟೆಯಲ್ಲೇ ಉಂಟು, ಹಲಗೆ ಎತ್ತುವ ಮನಸ್ಸು ಮಾತ್ರ ಬೇಕು.

ಮೂರನೆಯದು, ಅಡಿಕೆಗೆ ಕೊಳೆರೋಗದ ಔಷಧಿ. ಮಳೆಗಾಲದ ಹೊಸ್ತಿಲಲ್ಲಿ ಮೈಲುತುತ್ತು ಸುಣ್ಣದ ದ್ರಾವಣ ಹೊಡೆಯುತ್ತೀರಿ, ಹೊಡೆಯಲೇಬೇಕು. ಆದರೆ ಉಳಿದ ದ್ರಾವಣವನ್ನು ತೋಡಿಗೆ ಚೆಲ್ಲಬೇಡಿ, ಪಂಪು, ಡ್ರಮ್ಮುಗಳನ್ನು ತೋಡಿನಲ್ಲಿ ತೊಳೆಯಬೇಡಿ. ಮೈಲುತುತ್ತಿನಲ್ಲಿರುವ ತಾಮ್ರ ಮೀನಿಗೆ, ಅದರಲ್ಲೂ ಮರಿಗೆ, ಬಹಳ ಕೆಟ್ಟ ವಿಷ. ಮೀನು ತತ್ತಿ ಇಡುವ ಕಾಲವೂ ನಾವು ಔಷಧಿ ಹೊಡೆಯುವ ಕಾಲವೂ ಒಂದೇ ಎಂಬುದನ್ನು ಮರೆಯಬೇಡಿ. ತಾಯಂದಿರೆ, ಡ್ರಮ್ಮು ತೊಳೆಯುವ ಕೆಲಸ ಎಷ್ಟೋ ಮನೆಗಳಲ್ಲಿ ನಿಮ್ಮ ಪಾಲಿಗೆ ಬರುತ್ತದೆ. ತೋಡಿನಿಂದ ದೂರ, ತೋಟದ ಮಣ್ಣಿನಲ್ಲಿ ತೊಳೆಯಿರಿ.

ನಾಲ್ಕನೆಯದು, ಬೇಸಗೆಯ ಗುಂಡಿ. ಊರಿಗೊಂದು ಆಳವಾದ ಗುಂಡಿಯನ್ನು ನಾವೇ ಮಾತಾಡಿಕೊಂಡು ಮೀಸಲು ಇಡೋಣ. ಅಲ್ಲಿ ಬಲೆ ಇಲ್ಲ, ವಿಷ ಇಲ್ಲ, ಬ್ಯಾಟರಿಯ ಕರೆಂಟು ಇಲ್ಲ, ಮರಳು ತೆಗೆಯುವುದೂ ಇಲ್ಲ. ಹೊಳೆಯ ಬೀಜದ ಮುಡಿ ಎಲ್ಲಿ ಅಂತ ಮೊದಲಿಗೆ ಕೇಳಿದೆನಲ್ಲ, ಅದು ಇಲ್ಲಿ. ಬೇಸಗೆಯ ಗುಂಡಿಯಲ್ಲಿ ಕಟ್ಟಿಟ್ಟ ಮುಡಿ ಮೊದಲ ಮಳೆಗೆ ಬಿಚ್ಚಿ ಗದ್ದೆಗೆ ಬರುತ್ತದೆ. ಬಿತ್ತಲು ಹೊರಟ ಬೀಜವನ್ನು ದಾರಿಯಲ್ಲಿ ನಿಂತು ಕಸಿದುಕೊಳ್ಳಬಾರದು, ಅಷ್ಟೆ.

ಪಡುವಣ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನ ರಜೆ. ಸಮುದ್ರದ ಮೀನಿಗೆ ಮರಿ ಮಾಡಲು ಬಿಡುವು ಕೊಡಬೇಕೆಂದು ದೊಡ್ಡ ದೊಡ್ಡ ದೋಣಿಯವರು ಎರಡು ತಿಂಗಳ ದುಡಿಮೆ ಬಿಡುತ್ತಾರೆ. ಮನೆಯ ಹಿಂದಿನ ತೋಡಿಗೆ ಎರಡು ವಾರ ಬಿಡುವು ಕೊಡಲು ನಮ್ಮಿಂದ ಆಗದೆ?

ಕೊನೆಗೆ ಒಂದು ಮಾತು. ಡೇ ದೊಡ್ಡ ಪಂಡಿತರು. ಆದರೆ ಅವರ ವರದಿಗೆ ಜೀವ ಬಂದದ್ದು ಊರಿನವರು ಕೊಟ್ಟ ಉತ್ತರದಿಂದ. ನೀವೂ ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ನಿಮ್ಮ ಕಾಲದಲ್ಲಿ ಈ ತೋಡಿಗೆ ಯಾವ ಯಾವ ಮೀನು ಹತ್ತುತ್ತಿತ್ತು? ಯಾವ ಮಳೆಗೆ? ಎಷ್ಟು ದೊಡ್ಡದು? ಈಗ ಅವುಗಳಲ್ಲಿ ಯಾವುದು ಬರುತ್ತಿಲ್ಲ? ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಆ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆಸಿಡಿ. ಬರುವ ಮಳೆಗೆ ತೋಡಿನ ಬದಿಯಲ್ಲಿ ನಿಂತು ನೋಡಿ ಗುರುತು ಹಾಕಿ. ಡೇ ಅವರ ಕೆಲಸ ಶುರುವಾದದ್ದೂ ಹೀಗೆ, ಕೇಳಿ, ನೋಡಿ, ಬರೆದು.